ಕೆಂಪಮ್ಮನ ಹಿಮ್ಮಡಿ

ಆಸ್ಟಿನ್‌ನ ಒಂದು ಲ್ಯಾಬಿನಲ್ಲಿ ನನ್ನ ಕೆಲಸ ಬಂಡೆಚಿತ್ರಗಳ ವಯಸ್ಸು ಕಂಡುಹಿಡಿಯುವುದು. ಪಶ್ಚಿಮ ಟೆಕ್ಸಾಸಿನ ಮರುಭೂಮಿಯ ಗುಹೆಗಳಲ್ಲಿ ಯಾವುದೋ ಕಾಲದ ಜನ ಬರೆದಿಟ್ಟು ಹೋದವು. ಚಿತ್ರಗಳಿಂದ ನನಗೆ ಎಂದೂ ತೊಂದರೆಯಾಗಿಲ್ಲ. ಆಗುವುದೆಲ್ಲ ಮನುಷ್ಯರಿಂದ.

ಜಿಡ್ಡು

ಅಲೆನ್ ಎಂಬ ಊರಿನಲ್ಲಿ ಕನ್ನಡದವರೊಬ್ಬರ ಗೃಹಪ್ರವೇಶದ ಊಟ. ಧಾರವಾಡದ ಅಂಕಲ್ ಒಬ್ಬರು ತಟ್ಟೆ ಹಿಡಿದು ಪಕ್ಕಕ್ಕೆ ಬಂದರು.

"ಬಣ್ಣ ನೋಡಿ ವಯಸ್ಸು ಹೆಂಗ ಹೇಳ್ತೀರಿ?"

ಕೆಂಪು ಬಣ್ಣ ಬರೀ ಕಲ್ಲಿನ ಪುಡಿ, ಅದರಿಂದ ಏನೂ ತಿಳಿಯುವುದಿಲ್ಲ. ಪುಡಿ ಅಂಟಲೆಂದು ಕಲಸಿದ ಕೊಬ್ಬಿನ ವಯಸ್ಸನ್ನು ಅಳೆಯುತ್ತೇವೆ ಎಂದೆ.

"ಅಂದ್ರ ಗ್ವಾಡಿಗೆ ಹತ್ತಿದ ಹಳೀ ಜಿಡ್ಡು ಹುಡುಕೂದು?"

"ಹೌದು."

ಅಂಕಲ್ ಹೆಂಡತಿಯತ್ತ ತಿರುಗಿದರು. "ಕೇಳಿದೇನ? ಒಲಿ ಹಿಂದಿನ ಗ್ವಾಡಿ ಒರಸಬ್ಯಾಡ. ಇವರು ಬಂದು ನೋಡ್ಲಿ."

"ಒರಸೋ ಪಾಳಿ ನಿಮ್ದಲ್ಲೇನ್ರಿ?" ಎಂದರು ಆಂಟಿ.

ಬಾಡಿಗೆಯವರು

ಆ ವಸಂತದಲ್ಲಿ, ವರ್ಷಗಟ್ಟಲೆ ಕಾದ ಮೇಲೆ, ದನ ಮೇಯಿಸುವ ಒಂದು ರಾಂಚ್‌ನ ಗುಹೆಯಿಂದ ಬಣ್ಣದ ಚಕ್ಕೆ ತೆಗೆಯಲು ಅನುಮತಿ ಸಿಕ್ಕಿತು. ರಾಂಚ್‌ನ ಯಜಮಾನರು ನನಗಿಂತ ಕಡಿಮೆ ಮಾತಿನ ಮುದುಕರು. "ಒಂದೇ ಚಕ್ಕೆ. ಮತ್ತೆ ಕೇಳಬೇಡಿ" ಎಂದಿದ್ದರು. ಮೈಸೂರಿನಿಂದ ಬಂದಿದ್ದ ಅತ್ತೆ, ನನ್ನ ಹೆಂಡತಿಯ ತಾಯಿ, ಮನೆಯಲ್ಲಿ ಕೂತು ಸಾಕಾಗಿದೆ ಎಂದು ನಮ್ಮ ಜೊತೆ ತಾವೂ ಹೊರಟು ನಿಂತರು.

ಗೋಡೆಯ ಬುಡದಿಂದ ಎರಡಾಳೆತ್ತರಕ್ಕೆ ಒಂದು ಕೆಂಪು ಹೆಣ್ಣಿನ ಚಿತ್ರ. ಆ ಕೆಂಪಿನ ಪದರದಡಿ ಕಪ್ಪು ಜಿಂಕೆಗಳು. ಕಪ್ಪು ಮೊದಲು, ಕೆಂಪು ಆಮೇಲೆ. ನೆಲದಲ್ಲಿ ಉಳಿದ ಹಳೆಯ ಒಲೆಗಳ ಬೂದಿಯ ಪದರಗಳ ಜೊತೆ ಸೇರಿಸಿ ಓದಿದರೆ ಮಾತ್ರ ಅರ್ಥ ಎಂದು ನಮ್ಮ ಮುಖ್ಯಸ್ಥೆ ವಿವರಿಸಿದರು. ನಾನು ಅತ್ತೆಗೆ ಕನ್ನಡದಲ್ಲಿ ಹೇಳಿದೆ.

"ನಮ್ಮ ಔಟ್‌ಹೌಸಿನ ಹಾಗೇ ಬಿಡಿ. ಬಾಡಿಗೆಯವರು ಬದಲಾದಾಗೆಲ್ಲ ಗೋಡೆಗೆ ಬೇರೆ ಬಣ್ಣ" ಎಂದರು ಅತ್ತೆ.

ಏನೆಂದರು ಎಂದು ಯಜಮಾನರು ಕೇಳಿದರು. ಹೇಳಿದೆ.

ಅವರು ನೆಲ ನೋಡಿದರು. "ಹೋಗುವಾಗ ಬೂದಿಯನ್ನೂ ಗುಡಿಸಿಲ್ಲ."

ಹಿಮ್ಮಡಿ

ನಾವು ಜೀಪಿನಿಂದ ಕ್ಯಾಮೆರಾ, ಏಣಿ ಇಳಿಸುವವರೆಗೆ ಅತ್ತೆ ಒಬ್ಬರೇ ಗುಹೆಯ ನೆರಳಲ್ಲಿದ್ದರು. ಚಿತ್ರದ ಹಿಮ್ಮಡಿಯಲ್ಲಿ ಬಣ್ಣ ಬಿರುಕು ಬಿಟ್ಟಿತ್ತು. ಹೇಗೂ ಉದುರುವುದೇ ಎಂದು ಅಲ್ಲಿಂದಲೇ ಚಕ್ಕೆ ತೆಗೆದೆವು.

ಫಲಿತಾಂಶ ಬರುವವರೆಗೆ ನಾನು ಕೂತಲ್ಲಿ ಕೂರಲಿಲ್ಲ. ಪಾರ್ಕಿಂಗ್ ಲಾಟಿನಲ್ಲಿ ಸುತ್ತಿದೆ. ಪೇರ್ಲ್ಯಾಂಡ್‌ನ ದೇವಸ್ಥಾನದಲ್ಲಿ ಮಂಗಳಾರತಿಯ ನಡುವೆಯೂ ಫೋನ್ ತೆಗೆದೆ. "ದೇವರು ಮೆಸೇಜ್ ಕಳಿಸಲ್ಲ, ಎದುರಿಗೇ ಇದ್ದಾನೆ" ಎಂದರು ಅತ್ತೆ.

ಕೊನೆಗೆ ಬಂತು. ನಾವು ಅಂದುಕೊಂಡಿದ್ದು ನಾಲ್ಕು ಸಾವಿರ ವರ್ಷದ ಆಸುಪಾಸು. ಬಂದದ್ದು, ಈ ಖಂಡಕ್ಕೆ ಮನುಷ್ಯ ಕಾಲಿಡುವುದಕ್ಕಿಂತ ಎಷ್ಟೋ ಹಿಂದಿನದು.

"ಹಾಗಾದರೆ ಬರೆದವರು ಯಾರು?" ಎಂದರು ಮುಖ್ಯಸ್ಥೆ. ಜಿಂಕೆಗಳು ಎನ್ನಬೇಕೆನಿಸಿತು, ಅನ್ನಲಿಲ್ಲ.

ಮನೆಗೆ ಬಂದರೆ ಅತ್ತೆ ಸೋಫಾದಲ್ಲಿ ಕೂತು ಒಡೆದ ಹಿಮ್ಮಡಿಗೆ ಪೆಟ್ರೋಲಿಯಂ ಜೆಲ್ಲಿ ತಿಕ್ಕುತ್ತಿದ್ದರು. ನಾನು ಬಾಗಿಲಲ್ಲೇ ನಿಂತೆ. ಆ ಜೆಲ್ಲಿ ನೆಲದಡಿಯ ತೈಲದಿಂದ ಮಾಡಿದ್ದು, ಯುಗಯುಗಗಳ ಹಿಂದಿನದು. ಚೂರು ಬೆರೆತರೂ ನಿನ್ನೆಯ ಬಣ್ಣ ಮುದಿಯಾಗುತ್ತದೆ.

"ಅತ್ತೆ, ಗುಹೆಗೆ ಹೋದಾಗ ಈ ಡಬ್ಬಿ ನಿಮ್ಮ ಬ್ಯಾಗಿನಲ್ಲಿತ್ತಾ?"

"ಇತ್ತಲ್ಲ. ಪಾಪ, ಆ ಕೆಂಪಮ್ಮನ ಹಿಮ್ಮಡಿ ನನ್ನದಕ್ಕಿಂತ ಒಡೆದಿತ್ತು. ಎಷ್ಟು ಕಾಲದಿಂದ ಬರಿಗಾಲಲ್ಲಿ ನಿಂತಿದ್ದಾಳೋ. ಚೆನ್ನಾಗಿ ಹಚ್ಚಿದೆ. ಮಂಡಿಗೂ ಹಚ್ಚಿದೆ, ಸೊಂಟಕ್ಕೂ. ಅದರ ಮೇಲೆ ಎಟುಕಲಿಲ್ಲ."

ಇನ್ನೊಂದು ಚಕ್ಕೆ ಸಿಗದಿದ್ದರೆ ಆ ಚಿತ್ರಕ್ಕೆ ವಯಸ್ಸೇ ಇಲ್ಲ, ನನ್ನ ಅಷ್ಟು ವರ್ಷದ ಕಾಯುವಿಕೆಗೆ ಅರ್ಥವೂ ಇಲ್ಲ. ಯಜಮಾನರಿಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಫೋನ್ ಹಿಡಿದೇ ಅಡುಗೆಮನೆಯಿಂದ ಹಜಾರಕ್ಕೆ, ಹಜಾರದಿಂದ ಅಡುಗೆಮನೆಗೆ ತಿರುಗಿದೆ.

"ನಿಮ್ಮ ಅತ್ತೆ ಎಷ್ಟು ಎತ್ತರ?" ಎಂದು ಕೇಳಿದರು ಅವರು.

"ಐದು ಅಡಿಯೂ ಇಲ್ಲ."

"ಸರಿ. ಭುಜದಿಂದ ತೆಗೆದುಕೊಳ್ಳಿ," ಎಂದರು. "ಏಣಿ ಮಾತ್ರ ಅವರ ಕೈಗೆ ಕೊಡಬೇಡಿ."