ಎತ್ತಿಟ್ಟ ಸೀರೆ ಮತ್ತು ನನ್ನ ಸ್ವಂತ ಇಚ್ಛೆ

ಐವತ್ತು ದಾಟಿದ ಮೇಲೆ ಮನುಷ್ಯ ಹೊಸ ಪುಸ್ತಕ ಓದಬಾರದು ಎಂದು ನನಗೆ ಈಚೆಗೆ ಅನ್ನಿಸತೊಡಗಿದೆ. ಓದಿದರೂ ಮಗಳು ಕೊಟ್ಟದ್ದನ್ನಂತೂ ಓದಲೇಬಾರದು. ಕಾಲೇಜಿಗೆ ಹೋಗುವ ನನ್ನ ಮಗಳು ನಸೀರಾ ತಂದುಕೊಟ್ಟ ಕಾದಂಬರಿಯಲ್ಲಿ ಒಂದು ಊರು. ಅಲ್ಲಿ ಯಾರಿಗೆ ಯಾವಾಗ ಏನು ಬೇಕಾಗುತ್ತದೆ ಎಂಬುದನ್ನು ಒಂದು ಯಂತ್ರ ಮೊದಲೇ ತೀರ್ಮಾನಿಸಿರುತ್ತದೆ. ಜನ ಮಾತ್ರ ಎಲ್ಲವನ್ನೂ ತಾವೇ ಆರಿಸಿಕೊಂಡೆವೆಂದು ಖುಷಿಯಾಗಿರುತ್ತಾರೆ. ಕಥೆಯೆಂದು ನಕ್ಕು ಬಿಡಬಹುದಿತ್ತು. ಆದರೆ ಪುಸ್ತಕ ಮುಚ್ಚಿ ಫೋನ್ ತೆರೆದರೆ ಅಗಲ ಮೂತಿಯ ಚಪ್ಪಲಿಯ ಜಾಹೀರಾತು! ನನ್ನ ಬಲಗಾಲಿನ ಹೆಬ್ಬೆರಳು ನೋಯುತ್ತಿದ್ದದ್ದು ನನಗೂ ದೇವರಿಗೂ ಬಿಟ್ಟರೆ ಬೇರೆ ಯಾರಿಗೂ ಗೊತ್ತಿರಲಿಲ್ಲ. ದೇವರು ಯಾರ ಹತ್ತಿರವೂ ಹೇಳುವವನಲ್ಲ.

ಅಂದಿನಿಂದ ಏನನ್ನು ಆರಿಸಲೂ ನನಗೆ ಧೈರ್ಯ ಬರಲಿಲ್ಲ. ಬಂಗುಡೆಯೋ ಬೂತಾಯಿಯೋ ಎಂದು ಹೆಂಡತಿ ಝೊಹರಾ ಕೇಳಿದರೆ, ಬಂಗುಡೆ ಎಂಬುದು ನನ್ನದೇ ಆಸೆಯೋ ಯಾರಾದರೂ ನನ್ನೊಳಗೆ ಇಟ್ಟದ್ದೋ ಎಂದು ಯೋಚಿಸುತ್ತ ನಿಲ್ಲುತ್ತಿದ್ದೆ. ಅಷ್ಟರಲ್ಲಿ ಮೀನಿನವಳು ಮಣ್ಣಗುಡ್ಡ ದಾಟಿರುತ್ತಿದ್ದಳು. ಮೊಟ್ಟೆಯ ಸಾರಿನ ಮುಂದೆ ಕುಳಿತು ಒಂದು ದಿನ, ನನಗೆ ಸ್ವಂತ ಇಚ್ಛೆ ಎಂಬುದೇ ಇಲ್ಲವೇನೋ ಎಂದು ಅವಳ ಹತ್ತಿರ ಹೇಳಿಕೊಂಡೆ. ನಮ್ಮ ಮನೆಮಾತು ಬ್ಯಾರಿ. ಅವಳು ಹೇಳಿದ್ದನ್ನು ಕನ್ನಡದಲ್ಲಿ ಬರೆದರೆ ಖಾರ ಸ್ವಲ್ಪ ಕಡಿಮೆಯಾಗುತ್ತದೆ.

"ಮದುವೆ ಆದ ಮೇಲೆ ನಿಮಗೆ ಅದು ಯಾವಾಗ ಇತ್ತು, ಈಗ ಕಾಣುದಿಲ್ಲ ಅಂತ ಹುಡುಕ್ಲಿಕ್ಕೆ?"

ಉರ್ವದ ಮಾರ್ಕೆಟ್ ಹತ್ತಿರ ನಮ್ಮದೊಂದು ಜವಳಿ ಅಂಗಡಿ ಇದೆ, ತಂದೆಯ ಕಾಲದ್ದು. ಮರುದಿನ ಅಲ್ಲಿ ಗಿರಾಕಿಯೊಬ್ಬರಿಗೆ ಸೀರೆ ಬಿಡಿಸುತ್ತಿದ್ದಾಗ ನನ್ನ ಕೈ ಗಕ್ಕನೆ ನಿಂತಿತು. ನಮ್ಮ ಕಸುಬಿನ ಗುಟ್ಟು ಇಷ್ಟೇ: ಯಾವ ಸೀರೆ ಮಾರಬೇಕೋ ಅದನ್ನು ತೋರಿಸಬಾರದು. ಬೇರೆ ಸೀರೆಗಳನ್ನು ರಾಶಿ ಹಾಕಿ, ಕೊನೆಗೆ ಅದನ್ನು ಅರ್ಧ ಹೊರಗೆಳೆದು, ಓ, ಇದು ಬೇರೆಯವರಿಗೆ ಎತ್ತಿಟ್ಟದ್ದು ಎಂದು ಪುನಃ ಒಳಗೆ ತಳ್ಳಬೇಕು. ಗಿರಾಕಿಗೆ ಮತ್ತೆ ಅದೇ ಬೇಕಾಗುತ್ತದೆ. ಮನೆಗೆ ಹೋಗಿ, ಅಂಗಡಿಯವನು ಕೊಡಲಿಕ್ಕೆ ಒಪ್ಪಲಿಲ್ಲ, ನಾನೇ ಹಟ ಹಿಡಿದು ತಂದೆ ಎಂದು ಹೇಳಿಕೊಳ್ಳುತ್ತಾರೆ. ಈ ವಿದ್ಯೆಯನ್ನು ನಾನು ಹೊಸ ಮದುವಣಿಗನ ಉತ್ಸಾಹದಲ್ಲಿ ಝೊಹರಾಳಿಗೂ ವಿವರಿಸಿದ್ದುಂಟು. ಪುಸ್ತಕದ ಯಂತ್ರಕ್ಕೆ ಕರೆಂಟಾದರೂ ಬೇಕಿತ್ತು. ನಾನು ಇಷ್ಟು ವರ್ಷ ಅದೇ ಕೆಲಸವನ್ನು ಬರೀ ಚಹಾದ ಮೇಲೆ ಮಾಡಿಕೊಂಡು ಬಂದಿದ್ದೇನೆ.

ಹಾಗಾದರೆ ಊರಿನಲ್ಲಿ ಯಾರಿಗೂ ಸ್ವಂತ ಇಚ್ಛೆ ಇಲ್ಲವೇ? ಒಬ್ಬರಾದರೂ ಈ ಉಪಾಯಕ್ಕೆ ಬೀಳದಿದ್ದರೆ ಸಾಕು, ನೆಮ್ಮದಿಯಿಂದ ಬಂಗುಡೆ ತಿನ್ನುತ್ತೇನೆ ಎಂದುಕೊಂಡೆ. ಆ ಹೊತ್ತಿಗೆ ಮೆಟ್ಟಿಲು ಹತ್ತಿ ಬಂದವರು ಫ್ಲೋರಿನ್ ಟೀಚರ್, ನಸೀರಾಳಿಗೆ ಪ್ರೈಮರಿಯಲ್ಲಿ ಕಲಿಸಿದವರು. ಅವರ ತಂಗಿಯ ಮಗಳ ರೋಸ್ ಇತ್ತು, ಅಂದರೆ ಮದುವೆಗೆ ಮೊದಲು ತೆಂಗಿನಹಾಲು ಹಚ್ಚುವ ಶಾಸ್ತ್ರ. ಅದಕ್ಕೆ ಸೀರೆ ಬೇಕಿತ್ತು. ರಜೆಯೆಂದು ಕ್ಯಾಶಿನಲ್ಲಿ ಕುಳಿತಿದ್ದ ನಸೀರಾಳ ಕಿವಿಯಲ್ಲಿ, ಬೆಳ್ಳಿ ಅಂಚಿನ ಆಕಾಶನೀಲಿಯನ್ನೇ ಇವರು ಒಯ್ಯುತ್ತಾರೆ ನೋಡು ಎಂದೆ. ಅದು ಕಪಾಟಿನ ಮೂಲೆಯಲ್ಲಿತ್ತು. ಕೆಲವು ದಿನಗಳ ಹಿಂದೆ ಅಂಗಡಿಗೆ ಬಂದಿದ್ದ ಝೊಹರಾ ಅದನ್ನು ಸವರಿ ನೋಡಿ, ನಮಗೆಲ್ಲ ಇದು ಯಾಕೆ, ಅದೃಷ್ಟ ಇದ್ದವರು ಒಯ್ಯಲಿ ಎಂದು ತಾನೇ ಅಲ್ಲಿಗೆ ತಳ್ಳಿ ಹೋಗಿದ್ದಳು.

ನಾನು ಎಂದಿನಂತೆ ರಾಶಿ ಹಾಕಿದೆ, ಎಳೆದೆ, ತಳ್ಳಿದೆ. ಟೀಚರು ಕೂಡಲೇ ಅದು ಯಾರಿಗೆ ಎತ್ತಿಟ್ಟದ್ದು ಎಂದು ಕೇಳಿದರು. ಸೀರೆಯನ್ನು ಹೆಗಲ ಮೇಲೆ ಹಾಕಿ ಕನ್ನಡಿ ನೋಡಿದರು, ಪ್ಯಾಕ್ ಮಾಡಲು ಹೇಳಿದರು. ಎಲ್ಲ ಮುಗಿಯಿತು, ಮನುಕುಲಕ್ಕೆ ಇನ್ನು ಉಳಿಗಾಲವಿಲ್ಲ ಎಂದುಕೊಂಡು ಮಡಚತೊಡಗಿದೆ. ಆಗ ಅವರು ಸೀರೆಯ ಮೇಲೆ ಕೈ ಇಟ್ಟರು.

"ಬೇಡ ಸಾಹೇಬ್ರೇ."

ಬಣ್ಣ ಹಿಡಿಸಲಿಲ್ಲವೇ ಎಂದು ಕೇಳಿದೆ.

"ಬಣ್ಣ ಚೆಂದ ಉಂಟು. ನನಗೆ ಒಪ್ಪುತ್ತದೆ ಸಹ. ಸುಮ್ಮನೆ ಬೇಡ ಅಂತ ಕಂಡಿತು, ಅಷ್ಟೇ ಮಾರಾಯ್ರೇ."

ಸುಮ್ಮನೆ! ಆ ಒಂದು ಮಾತಿಗೆ ಎಷ್ಟೋ ದಿನಗಳ ಭಾರ ಎದೆಯಿಂದ ಇಳಿಯಿತು. ವ್ಯಾಪಾರ ತಪ್ಪಿದ್ದಕ್ಕೆ ಒಬ್ಬ ಗಂಡಸು ಇಷ್ಟು ಸಂತೋಷಪಟ್ಟದ್ದು ನಮ್ಮ ಕುಟುಂಬದಲ್ಲಿ ಅದೇ ಮೊದಲು. ಲಿಂಬೆ ಶರಬತ್ತು ತರಿಸಿಕೊಟ್ಟೆ. ಸೀರೆ ಕೊಳ್ಳದವರಿಗೆ ಈ ಉಪಚಾರ ಯಾಕೆಂದು ಟೀಚರು ಅನುಮಾನದಿಂದಲೇ ಕುಡಿದರು.

ಆ ಉತ್ಸಾಹದಲ್ಲಿ ನಾನೂ ಯಾರೂ ಹೇಳದ, ಯಾರೂ ಕೇಳದ ಒಂದು ಕೆಲಸ ಮಾಡಬೇಕೆನಿಸಿತು. ಸಂಜೆ ಆ ನೀಲಿ ಸೀರೆಯನ್ನು ಝೊಹರಾಳಿಗೆ ಕೊಂಡುಹೋದೆ. ಅವಳು ಅದನ್ನು ತೆಗೆದುಕೊಂಡು, ಬೀರುವಿನಿಂದ ಅದೇ ನೀಲಿಯ ರವಿಕೆ ತಂದು ಪಕ್ಕಕ್ಕೆ ಹಿಡಿದು ನೋಡಿದಳು. ಹೊಲಿಸಿ, ಇಸ್ತ್ರಿ ಕೂಡ ಆಗಿತ್ತು. ನಸೀರಾ ಬಾಯಿಗೆ ಕೈ ಅಡ್ಡ ಹಿಡಿದು ಒಳಗೆ ಓಡಿದಳು.

ಅಂಗಡಿಯಲ್ಲಿ ನಡೆದದ್ದನ್ನು ಹೇಳಿ, ಟೀಚರು ಒಯ್ದಿದ್ದರೆ ನೀನು ಏನು ಮಾಡುತ್ತಿದ್ದೆ ಎಂದು ಕೇಳಿದೆ. ನಿಮ್ಮಿಂದ ಇನ್ನೊಂದು ತರಿಸುತ್ತಿದ್ದೆ ಎಂದಳು. ಆ ಚಪ್ಪಲಿಯನ್ನೂ ನನ್ನ ಫೋನಿನಲ್ಲಿ ಹುಡುಕಿದ್ದು ಅವಳೇ ಅಂತೆ, ನಾನು ಕುಂಟುವುದನ್ನು ನೋಡಿ. ಕೋಪ ಬರಬೇಕಿತ್ತು, ಆದರೆ ನಿಜಕ್ಕೂ ಸಮಾಧಾನವಾಯಿತು. ನನ್ನನ್ನು ನಡೆಸುತ್ತಿರುವುದು ಎಲ್ಲೋ ಕುಳಿತ ಯಂತ್ರವಲ್ಲ, ಎದುರಿಗೆ ಕುಳಿತು ಬಂಗುಡೆ ಬಡಿಸುವವಳು.

ಈಗ ನೆಂಟರ ಮುಂದೆಲ್ಲ ಅವಳು, ನಾನು ಬೇಡ ಅಂದೆ, ಇವರೇ ಹಟ ಹಿಡಿದು ತಂದರು ಎಂದು ಹೇಳುತ್ತಾಳೆ. ಅಗಲ ಮೂತಿಯ ಚಪ್ಪಲಿ ಹಾಕಿಕೊಂಡು ಪಕ್ಕದಲ್ಲಿ ನಿಂತು ನಾನೂ ಹೌದೆಂದು ತಲೆಯಾಡಿಸುತ್ತೇನೆ.