ಕರೆಂಟು ಹೋಗದ ಬೀದಿ

ಕರೆಂಟು ಹೋದಾಗಲೆಲ್ಲ ಅರ್ಜಿರಾಯರಿಗೆ ಕೋಪ ಬರುತ್ತಿತ್ತು. ಕರೆಂಟು ಹೋಗುವುದೇ ನಿಂತ ಮೇಲೆ ಕಷ್ಟ ಬಂತು.

ಅರ್ಜಿರಾಯರು ಅನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಬೀದಿಯವರು ಇಟ್ಟದ್ದು. ಗ್ರಂಥಾಲಯದಲ್ಲಿ ‘ಮೌನವಾಗಿರಿ’ ಎಂಬ ಫಲಕದ ಕೆಳಗೆ ಹಗಲೆಲ್ಲ ಕೂರುವುದು ಅವರ ಉದ್ಯೋಗ. ಅಲ್ಲಿ ಆಡಲಾಗದೆ ಗಂಟಲಲ್ಲಿ ಸಿಕ್ಕಿಕೊಂಡ ಮಾತೆಲ್ಲ ಸಂಜೆ ಮನೆಗೆ ಬಂದ ಮೇಲೆ ಅರ್ಜಿಯ ರೂಪ ತಾಳುತ್ತಿತ್ತು. (ಮನೆಯಲ್ಲಾದರೂ ಬಾಯಿಬಿಟ್ಟು ಮಾತಾಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಮನೆಯಲ್ಲಿ ಅವರ ಹೆಂಡತಿ ಇದ್ದರು. ಹೈಸ್ಕೂಲಿನಲ್ಲಿ ಗಣಿತ ಕಲಿಸುವವರು. ಮನೆಯಲ್ಲೂ ಫಲಕ ಇತ್ತು, ತೂಗುಹಾಕಿರಲಿಲ್ಲ ಅಷ್ಟೇ.)

ಆ ಊರಿನಲ್ಲಿ ದಿನಾ ಸಂಜೆ ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ದೀಪ ಆರುತ್ತಿತ್ತು. ಕಂಬದ ತಂತಿಗೆ ಕೊಕ್ಕೆ ಹಾಕಿದವರು ಪುಕ್ಕಟೆ ಉರಿಸುತ್ತಿದ್ದರು. ಮೀಟರು ಇದ್ದವರ ಮೀಟರು ತಿರುಗುತ್ತಿರಲಿಲ್ಲ, ತಿರುಗಿದರೂ ಓದಲು ಯಾರೂ ಬರುತ್ತಿರಲಿಲ್ಲ. ಕೊನೆಗೆ ಸರಕಾರಕ್ಕೇ ಸಾಕಾಗಿ, ವಿದ್ಯುತ್ ಇಲಾಖೆಯನ್ನು ಬುಡದಿಂದಲೇ ಸುಧಾರಿಸುವುದೆಂದು ತೀರ್ಮಾನವಾಯಿತು. ಅದಕ್ಕೊಂದು ಆಯೋಗ, ಆಯೋಗಕ್ಕೊಬ್ಬ ಅಧ್ಯಕ್ಷರು, ಅಧ್ಯಕ್ಷರ ಮುಂದೆ ಸಾರ್ವಜನಿಕರ ಅಹವಾಲು. ಅರ್ಜಿರಾಯರು ಇಸ್ತ್ರಿ ಮಾಡದ ಅಂಗಿಯಲ್ಲೇ ಹೋಗಿ (ಇಸ್ತ್ರಿಗೆ ಕರೆಂಟು ಇರಲಿಲ್ಲ) ಮೈಕಿನ ಮುಂದೆ ನಿಂತರು.

“ಸ್ವಾಮೀ, ದುಡ್ಡು ಬರಲ್ಲ ಅಂತ ನೀವು ರಿಪೇರಿ ಮಾಡಲ್ಲ. ರಿಪೇರಿ ಮಾಡಲ್ಲ ಅಂತ ನಾವು ದುಡ್ಡು ಕಟ್ಟಲ್ಲ. ಒಂದೇ ಗಾಣ ಸುತ್ತಾ ಇದೀವಿ, ಎಣ್ಣೆ ಮಾತ್ರ ಬರ್ತಾ ಇಲ್ಲ! ಕೊಕ್ಕೆ ಕೀಳಿಸಿ, ತಿರುಗೋ ಮೀಟರ್ ಹಾಕಿ, ಬಡವರಿಗೆ ರಿಯಾಯಿತಿ ಕೊಟ್ಟು ಉಳಿದವರ ಹತ್ರ ನ್ಯಾಯವಾದ ದರ ತಗೊಳ್ಳಿ. ಫೋನ್ ಮಾಡಿದ್ರೆ ಯಾರಾದ್ರೂ ಎತ್ತಲಿ, ಎತ್ತಿದವರು ಬರಲಿ. ಆಮೇಲೆ ಕರೆಂಟ್ ಹೋದ್ರೆ ನಾನು ಮೀಸೆ ಬೋಳಿಸ್ತೀನಿ!”

ಸಭೆ ಚಪ್ಪಾಳೆ ತಟ್ಟಿತು. ಮೀಸೆ ಹೇಗೂ ಇರಲಿಲ್ಲ ಎಂಬುದನ್ನು ಯಾರೂ ಗಮನಿಸಲಿಲ್ಲ.

ಆಶ್ಚರ್ಯವೆಂದರೆ, ರಾಯರು ಹೇಳಿದ್ದನ್ನು ಆಯೋಗ ಮಾಡಿಬಿಟ್ಟಿತು. ಇಲಾಖೆ ಹೋಗಿ ಕಂಪನಿ ಬಂತು. ಕೊಕ್ಕೆಗಳು ಇಳಿದವು, ಹೊಸ ತಂತಿ ಏರಿತು. ಉಪಕೇಂದ್ರಕ್ಕೆ ಚುರುಕಾದ ಯುವತಿಯೊಬ್ಬಳು ಇಂಜಿನಿಯರಾಗಿ ಬಂದಳು. ಬೀದಿಯವರು ಆಕೆಯನ್ನು ಇಂಜಿನಿಯರಮ್ಮ ಎಂದು ಕರೆದರು. ಮೊದಲ ಸಂಜೆ ದೀಪ ಆರಲಿಲ್ಲ. ಎರಡನೆಯ ಸಂಜೆಯೂ ಆರಲಿಲ್ಲ. ಮೂರನೆಯ ಸಂಜೆ ಎದುರು ಮನೆಯ ಟೈಲರು ಬೀದಿಯ ನಡುವೆ ನಿಂತು, “ಅರ್ಜಿರಾಯರಿಗೆ ಜೈ!” ಎಂದು ಕೂಗಿದ. ರಾಯರು ಬಾಗಿಲಲ್ಲಿ ನಿಂತು, ರಾಷ್ಟ್ರಪಿತನಿಗೆ ತಕ್ಕ ವಿನಯದಿಂದ ಕೈಯೆತ್ತಿದರು.

“ಭಾಷಣ ಮುಗೀತಾ?” ಒಳಗಿನಿಂದ ಹೆಂಡತಿಯ ದನಿ ಬಂತು. “ಮುಗಿದಿದ್ರೆ ಬನ್ರೀ, ಇಸ್ತ್ರಿ ಪೆಟ್ಟಿಗೆ ಕಾದಿದೆ.”

ರಾಯರು ಎತ್ತಿದ ಕೈಯನ್ನು ಮೆಲ್ಲಗೆ ಇಳಿಸಿದರು.

ಏಕೆಂದರೆ ಮದುವೆಯಾದಂದಿನಿಂದ ರಾಯರು ಯಾವ ಕೆಲಸಕ್ಕೂ ‘ಆಗಲ್ಲ’ ಎಂದವರಲ್ಲ. ‘ಕರೆಂಟು ಬರಲಿ’ ಎನ್ನುತ್ತಿದ್ದರು. ಇಸ್ತ್ರಿ? ಕರೆಂಟು ಬರಲಿ. ಟ್ಯಾಂಕಿಗೆ ನೀರು? ಕರೆಂಟು ಬರಲಿ. ಗೋಡೆಗೆ ತೂತು ಕೊರೆದು ಶೆಲ್ಫ್ ಹಾಕುವುದು? ಬರಲಿ, ಬರಲಿ. ಹೀಗೆ ಹೇಳಿ ಮೆಟ್ಟಿಲ ಮೇಲೆ ಕಾಲು ಚಾಚಿ, ಕತ್ತಲಲ್ಲಿ ಗಾಳಿ ಸೇವಿಸುತ್ತ ದೇಶದ ದುಃಸ್ಥಿತಿಗೆ ಮರುಗುತ್ತಿದ್ದರು. ಅದು ತಮ್ಮ ಬಾಳಿನ ಸುವರ್ಣಯುಗವೆಂದು ಈಗ ಗೊತ್ತಾಯಿತು. ಕರೆಂಟು ಬಂದಿತ್ತು. ಅದರ ಹಿಂದೆಯೇ, ಮುಂದೂಡಿದ ಕೆಲಸಗಳೆಲ್ಲ ಒಂದರ ಬೆನ್ನು ಇನ್ನೊಂದು ಹಿಡಿದುಕೊಂಡು ರೈಲಿನಂತೆ ಬಂದವು. ಹೆಂಡತಿಗೆ ಒಂದೂ ಮರೆತಿರಲಿಲ್ಲ. ವಿದ್ಯುತ್ ಸುಧಾರಣೆಯಾದ ಮೇಲೆ ರಾಯರಿಗೆ ಸುಧಾರಿಸಿಕೊಳ್ಳಲು ಪುರುಸೊತ್ತೇ ಸಿಗದಂತಾಯಿತು.

ಇಸ್ತ್ರಿಯನ್ನು ಹೇಗೋ ಸಹಿಸಿದರು. ಗೋಡೆ ಕೊರೆದದ್ದೂ ಆಯಿತು. (ತೂತು ಆಚೆ ಕೋಣೆಗೂ ಹೋಯಿತು. ಗಾಳಿಯಾಡಲು ಒಳ್ಳೆಯದು ಎಂದರು.) ತಡೆಯಲಾರದ ಕೆಲಸ ಅತ್ತೆಯ ಕಡೆಯಿಂದ ಬಂತು.

ಅತ್ತೆ, ಅಂದರೆ ಹೆಂಡತಿಯ ತಾಯಿ, ಅವರೊಂದಿಗೇ ಇದ್ದರು. ಒಂದು ಟ್ರಂಕಿನ ತುಂಬ ಕ್ಯಾಸೆಟ್ಟುಗಳನ್ನು ಇಟ್ಟಿದ್ದರು. ಪ್ರಾಯದಲ್ಲಿ ತಾವೇ ಹಾಡಿ, ತಾವೇ ಗುಂಡಿ ಒತ್ತಿ ತುಂಬಿಸಿದವು. ಅವರ ಸಂಗೀತದಲ್ಲಿ ಶ್ರುತಿ ಒಂದು ದಾರಿಯಲ್ಲಿ, ಹಾಡು ಇನ್ನೊಂದು ದಾರಿಯಲ್ಲಿ ಹೊರಡುತ್ತಿದ್ದವು. ಎಲ್ಲಾದರೂ ಎದುರಾದರೆ ಹಳೆಯ ಪರಿಚಯದವರಂತೆ ನಕ್ಕು ಮುಂದೆ ಹೋಗುತ್ತಿದ್ದವು. “ಕರೆಂಟು ನೆಟ್ಟಗೆ ನಿಲ್ಲಲಿ ಅತ್ತೆ, ಎಲ್ಲಾನೂ ಕಂಪ್ಯೂಟರಿಗೆ ಇಳಿಸಿಕೊಡ್ತೀನಿ” ಎಂದು ರಾಯರು ಎಂದೋ ಮಾತು ಕೊಟ್ಟಿದ್ದರು. ನಿಲ್ಲುವುದಿಲ್ಲ ಎಂಬ ಧೈರ್ಯದ ಮೇಲೆ ಕೊಟ್ಟ ಮಾತು ಅದು.

“ಅಳಿಯಂದ್ರೇ,” ಎಂದರು ಅತ್ತೆ, ಟ್ರಂಕಿನ ಧೂಳು ಒರೆಸುತ್ತ, “ಈಗ ನೆಟ್ಟಗೆ ನಿಂತಿದೆಯಲ್ಲ?”

ಕ್ಯಾಸೆಟ್ಟನ್ನು ಪೂರ್ತಿ ನುಡಿಸಿಯೇ ಇಳಿಸಬೇಕು, ಬೇರೆ ದಾರಿಯಿಲ್ಲ. ಭಾನುವಾರ ಬೆಳಿಗ್ಗೆ ಶುರುವಾಯಿತು. ಮೊದಲ ಕ್ಯಾಸೆಟ್ಟಿನ ಅರ್ಧಕ್ಕೆ ಬರುವಷ್ಟರಲ್ಲಿ ರಾಯರು ನೀರು ಕುಡಿಯುವ ನೆಪದಲ್ಲಿ ಎದ್ದರು. ನಡುಮನೆಯ ಬಾಗಿಲ ಹಿಂದೆ ಮೇನ್ ಸ್ವಿಚ್ಚು. ಅಂಥ ಮನುಷ್ಯರಲ್ಲ ಅವರು; ಆದರೆ ಕೈ ತಾನಾಗಿಯೇ ಮೇಲೆ ಹೋಯಿತು. ಟಕ್ ಎಂದಿತು. ಅತ್ತೆಯ ಕಂಠ ಆಲಾಪದ ತುದಿಯಲ್ಲಿ ‘ಊಂ...’ ಎಂದು ಕುಸಿದು ನಿಂತಿತು. ಎಂಥ ಶಾಂತಿ!

“ಅಯ್ಯೋ, ಹೋಯ್ತಲ್ಲ!” ಎಂದರು ರಾಯರು, ಆದಷ್ಟೂ ದುಃಖದಿಂದ.

“ಎದುರು ಮನೆ ಫ್ಯಾನು ತಿರುಗ್ತಾ ಇದೆ,” ಎಂದರು ಹೆಂಡತಿ ಕಿಟಕಿಯಿಂದ ನೋಡಿ.

“ಅದು... ಬೇರೆ ಲೈನು.”

“ಇರಲಿ, ಫೋನ್ ಮಾಡಿದೀನಿ. ನೀವೇ ತಂದ ಸೌಕರ್ಯ ಅಲ್ವಾ, ಉಪಯೋಗಿಸೋಣ.”

ರಾಯರು ಮೆಟ್ಟಿಲ ಮೇಲೆ ಇನ್ನೂ ಎರಡನೆಯ ಕಾಲು ಚಾಚಿರಲಿಲ್ಲ, ವ್ಯಾನು ಬಂದು ನಿಂತಿತು. ಇಂಜಿನಿಯರಮ್ಮ ತಾನೇ ಇಳಿದಳು.

“ಸರ್, ನಿಮ್ಮ ಮನೇನಾ! ಆಯೋಗದ ಮುಂದೆ ನೀವು ಮಾತಾಡಿದ್ದಕ್ಕೇ ನಮಗೆ ಈ ವ್ಯಾನು ಸಿಕ್ಕಿದ್ದು. ನಮ್ಮ ಹುಡುಗರೆಲ್ಲ ನಿಮ್ಮ ಅಭಿಮಾನಿಗಳು.” ಒಳಗೆ ಹೋಗಿ ಸ್ವಿಚ್ಚು ನೋಡಿದಳು. “ಮೇನ್ ಬಿದ್ದು ಆಫ್ ಆಗಿದೆ. ಸುಮ್ನೆ ಬೀಳಲ್ಲ ಸರ್ ಇದು. ಎಲ್ಲೋ ದೋಷ ಇದೆ.”

“ಇದೆ, ಇದೆ,” ಎಂದರು ರಾಯರು, ನೆಲ ನೋಡುತ್ತ.

ಆಕೆ ಮನೆಯ ತಂತಿಯನ್ನೆಲ್ಲ ಪರೀಕ್ಷಿಸಿ ಹೋದಳು. ಮುಂದಿನ ಭಾನುವಾರ ಎರಡನೆಯ ಕ್ಯಾಸೆಟ್ಟಿಗೆ ಮತ್ತೆ ಮೇನ್ ಬಿತ್ತು. ಈ ಸಲ ಕಂಬದಿಂದ ಮೀಟರಿನವರೆಗೆ ತಂತಿಯನ್ನೇ ಬದಲಾಯಿಸಿದಳು. ನಡುವೆ ಒಂದು ಸಂಜೆ ಇಸ್ತ್ರಿಯ ರಾಶಿ ಕಂಡಾಗಲೂ ಬಿತ್ತು. ಹೆಂಡತಿ ಸೀಮೆಸುಣ್ಣ ಹಿಡಿದ ಕೈಯವರು; ಹುಬ್ಬು ಮೇಲೇರಿತು.

“ಬೀದಿಗೆಲ್ಲ ಇರೋ ಕರೆಂಟು ನಮಗೆ ಮಾತ್ರ ಹೋಗತ್ತೆ. ಅದೂ ನಿಮಗೆ ಕೆಲಸ ಇದ್ದಾಗ ಮಾತ್ರ. ಇದರ ಸಂಭವನೀಯತೆ ಎಷ್ಟು ಗೊತ್ತಾ ರೀ?”

“ನನಗೆ ಗಣಿತ ಬರಲ್ಲ,” ಎಂದರು ರಾಯರು.

“ನಾಟಕ ಬರತ್ತೆ.”

ರಾಯರು ಎದ್ದು ಮೆಟ್ಟಿಲ ಕಡೆ ನಡೆದರು. ಆದರೆ ಮರುವಾರ ಇಂಜಿನಿಯರಮ್ಮ ಬಂದಾಗ ಆಕೆಯ ಮುಖದಲ್ಲಿ ಕಳೆಯಿರಲಿಲ್ಲ. ಜತೆಗೆ ಇಡೀ ತಂಡ, ಏಣಿ, ಪೆಟ್ಟಿಗೆ.

“ಸರ್, ಇಡೀ ಊರಲ್ಲಿ ನಮ್ಮ ವಿಭಾಗವೇ ಮೊದಲು ಅಂತ ಆಗಿತ್ತು. ನಿಮ್ಮ ಒಂದು ಮನೆಯಿಂದ ಕೊನೇಗೆ ಹೋಗಿದೀವಿ. ಇವತ್ತು ದೋಷ ಸಿಗದೇ ಇದ್ರೆ ನನ್ನನ್ನ ಗೋದಾಮಿಗೆ ಹಾಕ್ತಾರಂತೆ, ಹಳೇ ಬಲ್ಬು ಎಣಿಸೋಕೆ.” ಏಣಿಯನ್ನು ಗೋಡೆಗೆ ಒರಗಿಸಿದಳು. “ಪರವಾಗಿಲ್ಲ ಸರ್. ನಿಮ್ಮಂಥವರಿಗೆ ತೊಂದರೆ ಆಯ್ತಲ್ಲ, ಅದೇ ಬೇಜಾರು.”

ತಪ್ಪೊಪ್ಪಿಕೊಳ್ಳಲು ರಾಯರು ಒಂದು ಹೆಜ್ಜೆ ಮುಂದೆ ಇಟ್ಟರು. ಬಾಯಿ ತೆರೆದರು. ಮಾತು ಬರುವ ಮುಂಚೆ ಆಕೆ ತಂಡಕ್ಕೆ ಅಪ್ಪಣೆ ಕೊಟ್ಟಾಗಿತ್ತು: “ಮನೇಲಿ ಇರೋದನ್ನೆಲ್ಲ ಒಟ್ಟಿಗೆ ಹಾಕಿ. ಎಷ್ಟು ಲೋಡಿಗೆ ಮೇನ್ ಬೀಳತ್ತೋ ನೋಡೋಣ.”

ಫ್ಯಾನುಗಳು ತಿರುಗಿದವು. ಪಂಪು ಗುರುಗುಟ್ಟಿತು. ಮಿಕ್ಸಿ ಖಾಲಿ ಹೊಟ್ಟೆಯಲ್ಲೇ ಅರಚಿತು. ಬಟ್ಟೆ ಒಗೆಯುವ ಯಂತ್ರ ನಿಂತಲ್ಲೇ ಕುಣಿಯಿತು. ಕೊನೆಗೆ ತಂಡದವನೊಬ್ಬ ಕ್ಯಾಸೆಟ್ ಪ್ಲೇಯರಿನ ದನಿಯನ್ನು ತುಟ್ಟತುದಿಗೆ ಏರಿಸಿ ಗುಂಡಿ ಒತ್ತಿದ. ಅತ್ತೆಯ ಯೌವನ ಮನೆಯ ಹೆಂಚಿನವರೆಗೆ ಮೊಳಗಿತು. ಅಪಾಯದ ಸೈರನ್ ಎಂದು ತಿಳಿದು ಟೈಲರು ಕತ್ತರಿ ಹಿಡಿದುಕೊಂಡೇ ಓಡಿಬಂದ. ಅವನ ಹಿಂದೆ ಬೀದಿ ಬಂತು. ಎಲ್ಲರೂ ಮೇನ್ ಸ್ವಿಚ್ಚನ್ನೇ ನೋಡುತ್ತ ನಿಂತರು. ಸ್ವಿಚ್ಚು ಬಂಡೆಯಂತೆ ನಿಂತಿತ್ತು. ಸುಧಾರಣೆಯೆಂದರೆ ಹಾಗಿತ್ತು.

“ಬೀಳ್ತಾನೇ ಇಲ್ವಲ್ಲ!” ಎಂದಳು ಇಂಜಿನಿಯರಮ್ಮ, ಅಳುವೇ ಬಂದಂತಾಗಿ.

ಕುರ್ಚಿಯಲ್ಲಿ ಕೂತು ತಮ್ಮದೇ ಹಾಡಿಗೆ ತಲೆದೂಗುತ್ತಿದ್ದ ಅತ್ತೆ ಆಗ ತಣ್ಣಗೆ ಹೇಳಿದರು:

“ಹೀಗೆ ದೂರ ನಿಂತ್ರೆ ಹೇಗಮ್ಮ ಬೀಳತ್ತೆ? ಅಳಿಯಂದ್ರೇ, ನೀವು ಹೋಗಿ ಬಾಗಿಲ ಹಿಂದೆ ನಿಂತ್ಕೊಳ್ಳಿ. ಪಾಪ ಹುಡುಗಿ ಎಷ್ಟು ಹೊತ್ತು ಕಾಯಬೇಕು?”

ಮಿಕ್ಸಿ ಯಾರೋ ಆರಿಸಿದರು. ಪಂಪು ನಿಂತಿತು. ಒಂದೊಂದಾಗಿ ಎಲ್ಲ ನಿಂತು, ಮನೆಯಲ್ಲಿ ಗ್ರಂಥಾಲಯದ ಮೌನ ನೆಲೆಸಿತು. ಬೀದಿಯೆಲ್ಲ ರಾಯರ ಕಡೆ ತಿರುಗಿತು. ಕುಂಬಳಕಾಯಿ ಕಳ್ಳ ಎಂದು ಯಾರೂ ಅನ್ನುವ ಮುಂಚೆಯೇ ರಾಯರು ಹೆಗಲು ಮುಟ್ಟಿ ನೋಡಿಕೊಂಡರು.

“ನಾನೇ,” ಎಂದರು. “ದೋಷ ತಂತಿಯಲ್ಲಿಲ್ಲಮ್ಮ. ನನ್ನ ಕೈಯಲ್ಲಿದೆ.”

ಹೆಂಡತಿ ಕೂಗಾಡಲಿಲ್ಲ. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿದರು. ಹೆಗಲು ಮಾತ್ರ ಕುಲುಕುತ್ತಿತ್ತು. ಅಳುತ್ತಿದ್ದಾರೆಂದು ತಿಳಿದು ಸಮಾಧಾನಕ್ಕೆ ಹೋದ ರಾಯರಿಗೆ, ಅದು ನಗುವೆಂದು ಗೊತ್ತಾಗಿ ಇನ್ನೂ ಕಷ್ಟವಾಯಿತು. ಇಂಜಿನಿಯರಮ್ಮ ಮಾತ್ರ ಹಣೆ ಒತ್ತಿಕೊಂಡಳು.

“ಸರ್, ಮೇಲಿನವರಿಗೆ ಕಾರಣ ಏನು ಅಂತ ಹೇಳಲಿ? ನಮ್ಮ ಫಾರಮ್ಮಲ್ಲಿ ಮರದ ಕೊಂಬೆ, ಅಳಿಲು, ಸಿಡಿಲು, ಹಳೇ ತಂತಿ, ಇಷ್ಟೇ ಇರೋದು. ಗಂಡ ಅಂತ ನಮ್ಮಲ್ಲಿ ಇಲ್ಲ.”

“ಅಳಿಲು ಅಂತ್ಲೇ ಹೇಳಮ್ಮ,” ಎಂದರು ಅತ್ತೆ. “ಅಳಿಯ, ಅಳಿಲು, ಒಂದಕ್ಷರದ ವ್ಯತ್ಯಾಸ ತಾನೆ!”

ಬೀದಿ ಬಿದ್ದೂ ಬಿದ್ದೂ ನಕ್ಕಿತು. ಇಂಜಿನಿಯರಮ್ಮನಿಗೂ ನಗು ತಡೆಯಲಾಗಲಿಲ್ಲ. ಆದರೆ ರಾಯರು, ಇಂಗು ತಿಂದ ಮಂಗನ ಮುಖದಲ್ಲೂ, ಒಂದು ನಿರ್ಧಾರಕ್ಕೆ ಬಂದಿದ್ದರು. “ಅಳಿಲಿನ ತಲೆಗೆ ಕಟ್ಟೋದು ಬೇಡ. ಆಯೋಗ ಮತ್ತೆ ಸೇರತ್ತಲ್ಲ, ಅಲ್ಲಿ ನಾನೇ ನಿಂತು ಹೇಳ್ತೀನಿ. ನಿನ್ನ ಹೆಸರಿಗೆ ಮಸಿ ಹತ್ತಬಾರದು.”

“ನಿಜವಾಗಲೂ ಹೇಳ್ತೀರಾ ರೀ?” ಹೆಂಡತಿ ನಗು ನಿಲ್ಲಿಸಿ ಕೇಳಿದರು. ಅಂಥ ಮೆಚ್ಚುಗೆಯ ದನಿಯನ್ನು ರಾಯರು ಬಹಳ ದಿನದಿಂದ ಕೇಳಿರಲಿಲ್ಲ. ಅಷ್ಟಕ್ಕೇ ಅವರಿಗೆ ಅರ್ಧ ಪಾಪ ಕಳೆದಂತಾಯಿತು.

ಉಳಿದರ್ಧ ಅತ್ತೆಯ ಬಳಿ ಇತ್ತು. ಅವರು ಟ್ರಂಕನ್ನು ಮುಚ್ಚಿ ಹೇಳಿದರು: “ಈ ಹಳೇ ಕ್ಯಾಸೆಟ್ಟು ಬೇಡ ಬಿಡಿ ಅಳಿಯಂದ್ರೇ. ಇವತ್ತು ಕೇಳಿದೆನಲ್ಲ, ಆಗ ನನ್ನ ಗಂಟಲು ಅಷ್ಟು ಸರಿಯಿರಲಿಲ್ಲ.”

ರಾಯರಿಗೆ ಸ್ವರ್ಗ ಮೂರೇ ಗೇಣು ಎನ್ನಿಸಿತು.

“ಎಲ್ಲಾನೂ ಹೊಸದಾಗಿ ಹಾಡ್ತೀನಿ. ದಿನಾ ಸಂಜೆ. ನೀವು ಪಕ್ಕದಲ್ಲಿ ಕೂತು ರೆಕಾರ್ಡ್ ಮಾಡಿ.”

ಆಯೋಗ ಸೇರಿತು. ಈ ಸಲ ರಾಯರ ಅಂಗಿ ಗರಿಗರಿಯಾಗಿತ್ತು, ತಾವೇ ಇಸ್ತ್ರಿ ಮಾಡಿದ್ದು. ಹಿಂದಿನ ಸಾಲಿನಲ್ಲಿ ಹೆಂಡತಿ, ಅತ್ತೆ, ಪಕ್ಕದಲ್ಲಿ ಇಂಜಿನಿಯರಮ್ಮ. ರಾಯರು ಮೈಕು ಹಿಡಿದು, ಬೆವರುತ್ತ, ಒಂದನ್ನೂ ಮುಚ್ಚಿಡದೆ ಹೇಳಿದರು. ಅಧ್ಯಕ್ಷರು ಮೊದಲು ಗಂಭೀರವಾಗಿ ಕೇಳಿದರು, ಆಮೇಲೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು, ಕೊನೆಗೆ ಮೇಜು ಹಿಡಿದುಕೊಂಡು ನಕ್ಕರು.

“ದೋಷ ಕಂಪನಿಯದಲ್ಲ, ಆ ಹುಡುಗಿಯದೂ ಅಲ್ಲ. ಆಕೆಯ ವಿಭಾಗವೇ ಮೊದಲು,” ಎಂದು ಅಪ್ಪಣೆಯಾಯಿತು. ಸಭೆ ಚಪ್ಪಾಳೆ ತಟ್ಟಿತು. ಇಂಜಿನಿಯರಮ್ಮ ಎದ್ದು ನಿಂತು ರಾಯರಿಗೆ ಕೈಮುಗಿದಳು. ರಾಯರ ಕಣ್ಣು ನಿಜಕ್ಕೂ ಒದ್ದೆಯಾಯಿತು.

“ಪ್ರಾಮಾಣಿಕರು ನೀವು,” ಎಂದರು ಅಧ್ಯಕ್ಷರು. “ನಿಮಗೇನಾದರೂ ಬೇಡಿಕೆ ಇದ್ದರೆ ಈಗಲೇ ಕೇಳಿ.”

ರಾಯರು ಹಿಂದಿನ ಸಾಲನ್ನೊಮ್ಮೆ ನೋಡಿ, ಮೈಕಿಗೆ ಬಾಯಿ ಹತ್ತಿರ ತಂದು, ಆದಷ್ಟು ಸಣ್ಣಗೆ ಹೇಳಿದರು: “ಸ್ವಾಮೀ, ತಂತಿ ರಿಪೇರಿ ಅಂತ ಆಗಾಗ ಲೈನ್ ಆಫ್ ಮಾಡಬೇಕಾಗತ್ತಲ್ಲ... ಕಾನೂನು ಪ್ರಕಾರವೇ... ಸಂಜೆ ಹೊತ್ತು ಒಂದು ಗಂಟೆ... ನಮ್ಮ ಬೀದಿಗೆ...”

“ಅದರ ಚಿಂತೆ ಬಿಡಿ ಸರ್!” ಇಂಜಿನಿಯರಮ್ಮ ಹೆಮ್ಮೆಯಿಂದ ಕೂಗಿ ಹೇಳಿದಳು. “ನಿಮ್ಮ ಮನೆಗೆ ಪದೇ ಪದೇ ಬಂದು ಬಂದು ನಮಗೆ ನಾಚಿಕೆಯಾಗಿ, ಲೈನ್ ಆಫ್ ಮಾಡದೇನೇ ರಿಪೇರಿ ಮಾಡೋದನ್ನ ಇಡೀ ತಂಡ ಕಲಿತುಬಿಟ್ಟಿದೆ. ಇನ್ನು ನಿಮ್ಮ ಬೀದೀಲಿ ಕರೆಂಟು ಹೋಗೋ ಮಾತೇ ಇಲ್ಲ!”

ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಎಲ್ಲರಿಗಿಂತ ಜೋರಾಗಿ ತಟ್ಟಿದವರು ಅತ್ತೆ. ತಟ್ಟುತ್ತಲೇ ಅವರು ಗಂಟಲು ಸರಿಮಾಡಿಕೊಂಡರು.