ಎಂಟು ವ್ಯಾಟಿನ ಹಟ

ಹಟಮಾರಿಯ ಮನೆಯನ್ನು ಫಜೀತಿಗಳು ತಾವೇ ಹುಡುಕಿಕೊಂಡು ಬರುತ್ತವೆ. ನನ್ನ ಹಟ ಒಂದೇ, ವಾಲ್ವ್ ಆಂಪ್ಲಿಫೈಯರ್. ಬೆಳಗಾವಿಗೆ ಬೆಳಗಾವಿಯೇ ಮೈಮೇಲೆ ‘ಸಾವಿರ ವ್ಯಾಟ್’ ಎಂದು ಬರೆದ ಪ್ಲಾಸ್ಟಿಕ್ ಸ್ಟೀರಿಯೋ ಸೆಟ್ಟು ಹೊತ್ತು ತರುತ್ತಿದ್ದ ಕಾಲದಲ್ಲಿ, ಉದ್ಯಮಬಾಗದ ಫೌಂಡ್ರಿಯೊಂದರಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದ ನಾನು ಬಲ್ಬಿನಂಥ ಹಳೆಯ ಗಾಜಿನ ವಾಲ್ವು ಕೂಡಿಸಿ ಎಂಟೇ ಎಂಟು ವ್ಯಾಟಿನ ಪೆಟ್ಟಿಗೆ ಕಟ್ಟಿದೆ. ಇಂಥದಕ್ಕೆ ಕಂಡಕಂಡ ಸ್ಪೀಕರ್ ಹೊಂದುವುದಿಲ್ಲ. ಸ್ವಲ್ಪ ಕರೆಂಟು ಕೊಟ್ಟರೂ ಗಂಟಲು ಬಿಚ್ಚಿ ಹಾಡುವಂಥದೇ ಬೇಕು. ಮುಚ್ಚಿದ ಟಾಕೀಸೊಂದರ ಸ್ಪೀಕರ್ ಎರಡು ಸಿಕ್ಕವು, ಒಂದೊಂದೂ ಕಪಾಟಿನಷ್ಟು. ಅವು ಒಳಗೆ ಬಂದ ದಿನ ನಮ್ಮ ಖರೇ ಕಪಾಟು ಹೊರಗೆ ಹೋಯಿತು.

“ಇದನ್ನ ಗುಜರಿಗೆ ಹಾಕಸ್ಲಿಲ್ಲಂದ್ರ ಕೇಳ್ರಿ!” ಎಂದಳು ಹೆಂಡತಿ.

“ಹಾಕಸು, ನೋಡೂಣು” ಎಂದೆ. ನಾನೂ ಇದೇ ಊರಿನ ನೀರು ಕುಡಿದವನು.

ಮಗ್ಗ ನಿಂತಾಗ

ನಮ್ಮ ಮನೆ ಶಹಾಪುರದಲ್ಲಿ. ಎರಡೂ ಬಾಜು ಪವರ್‌ಲೂಮು. ಆ ಖಟಪಟದಲ್ಲಿ ಎಂಟು ವ್ಯಾಟು ಯಾವ ಲೆಕ್ಕ? ಆದರೂ ಪಕ್ಕದ ಮಗ್ಗದವನಿಗೆ ನನ್ನ ಸೆಟ್ಟು ಕೇಳುವ ಆಸೆ.

“ಮಗ್ಗ ನಿಂತಾಗ ಬಾರೋ” ಎಂದೆ.

ಮಗ್ಗ ನಿಂತ ಕೂಡಲೇ ಓಡಿ ಬಂದ. ಓಣಿಯೆಲ್ಲ ತಣ್ಣಗಿತ್ತು. ಇಬ್ಬರೂ ಸ್ಪೀಕರಿನ ಮುಂದೆ ಕೂತೆವು. ಸ್ವಿಚ್ ಒತ್ತಿದೆ, ಏನೂ ಇಲ್ಲ. ಮಗ್ಗ ನಿಂತದ್ದೇ ಕರೆಂಟು ಹೋಗಿದ್ದಕ್ಕೆ ಎಂಬುದು ಇಬ್ಬರಿಗೂ ಆಗಲೇ ಹೊಳೆದದ್ದು.

“ಹಂಗಾರ ನಾಳೆ ಕರೆಂಟ್ ಇದ್ದಾಗ ಮಗ್ಗ ಬಂದ್ ಮಾಡಿ ಬಾ” ಎಂದೆ.

“ಕರೆಂಟ್ ಇದ್ದಾಗ ಮಗ್ಗ ಬಂದ್ ಮಾಡಿದ್ರ, ಹಾಡೂದು ನಮ್ಮ ಮಾಲಕರ ಸರದಿ ಅಣ್ಣಾರ!”

ಕಿವಿ ಪರೀಕ್ಷೆ

ಸುದ್ದಿ ಹಬ್ಬಿ, ನೆಹರು ನಗರದ ಡಾಕ್ಟರೊಬ್ಬರು ತಮಗೂ ಒಂದು ಪೆಟ್ಟಿಗೆ ಕಟ್ಟಿಕೊಡು ಎಂದು ಬಂದರು. ನಾನು ಸ್ಪೀಕರ್ ನೋಡದೆ ಪೆಟ್ಟಿಗೆ ಕೊಡುವವನಲ್ಲ. ಹೋಗಿ ನೋಡಿದರೆ ಫಾರಿನ್ನಿನ ಪುಟ್ಟ ಸ್ಪೀಕರು. ನೋಡಲು ಗುಬ್ಬಿ, ಕರೆಂಟು ತಿನ್ನುವುದರಲ್ಲಿ ಎಮ್ಮೆ. ಒಂದು ಹಾಡು ಹಚ್ಚಿಸಿ ಕೇಳಿಯೂ ನೋಡಿದೆ.

“ಇದಕ್ಕ ನನ್ನ ಪೆಟ್ಟಿಗಿ ಹೊಂದಂಗಿಲ್ರಿ. ಕೊಡಂಗಿಲ್ಲ.”

“ತೊಗೊಳ್ಳಾವ ನಾನು. ನಿಮ್ದೇನ್ರಿ ತಕರಾರು?”

“ಗುಂಪು ನೋಡದ ನೀವು ರಕ್ತ ಏರಸ್ತೀರೇನ್ರಿ ಸಾಹೇಬ್ರ?”

“ಅದಕ್ಕ ನಮ್ಮ ಹತ್ರ ಲ್ಯಾಬ್ ಐತಿ. ನಿಮ್ಮ ಹತ್ರ ಏನೈತಿ?”

“ಕಿವಿ ಐತ್ರಿ!”

“ಹೌದಾ? ಕುಂದರ್ರಿ ಇಲ್ಲೆ” ಎಂದವರೇ ಬ್ಯಾಟರಿ ತಂದರು. ಅವರು ಕಿವಿಯ ಡಾಕ್ಟರು ಎಂದು ನನಗೆ ಯಾರೂ ಹೇಳಿರಲಿಲ್ಲ. ಎರಡೂ ಕಿವಿಯಿಂದ ಕಡಲೆಕಾಳಿನಷ್ಟು ಗುಗ್ಗೆ ತೆಗೆದು ಅಂಗೈಯಲ್ಲಿಟ್ಟು, “ಇಷ್ಟು ತುಂಬ್ಕೊಂಡು ಹೊಂದಾಣಿಕಿ ನೋಡಾಕ ಬಂದೀರಿ! ಈಗ ಕೇಳ್ರಿ” ಎಂದು ಹಾಡು ಹಚ್ಚಿದರು.

ಕೇಳಿದೆ. ಅವರ ಸ್ಪೀಕರು ಮೊದಲಿಗಿಂತಲೂ ಕೆಟ್ಟದಾಗಿ ಕೇಳಿಸಿತು. ಕೊಡಲಿಲ್ಲ.

ಗಟ್ಟಿ ಮೊಸರು

ಬೆಳಗಾವಿಯ ಚಳಿಯಲ್ಲಿ ಮೊಸರು ಹೆಪ್ಪುಗಟ್ಟುವುದು ಕಷ್ಟ. ಒಂದು ಸಂಜೆ ನೋಡುತ್ತೇನೆ, ಬೆಚ್ಚಗಿನ ನನ್ನ ಪೆಟ್ಟಿಗೆಗೆ ಹಾಲಿನ ಪಾತ್ರೆ ಒರಗಿಕೊಂಡಿದೆ. ಕೂಗಾಡಿದೆ. ಹೆಂಡತಿ ಕಿವಿಗೇ ಹಾಕಿಕೊಳ್ಳಲಿಲ್ಲ. ಮೊಸರು ಚಾಕುವಿನಲ್ಲಿ ಕೊಯ್ಯುವಂತೆ ಬಂತು. ಮರುದಿನದಿಂದ ನಾನು ಪೆಟ್ಟಿಗೆ ಆರಿಸಲು ಹೋದರೆ, “ಇನ್ನೂ ಹೆಪ್ಪು ಕುಂತಿಲ್ಲ, ಇನ್ನೊಂದು ಕ್ಯಾಸೆಟ್ ಹಚ್ರಿ!”

ಓಣಿಯ ಹೆಂಗಸರಿಗೆ ಅವಳೇ ಹೇಳುತ್ತಿದ್ದಳಂತೆ: “ತಾಸಗಟ್ಲೆ ಹಾಡೂ ದೊಡ್ಡ ಖ್ಯಾಲಿಗೆ ಗಟ್ಟಿ ಮೊಸರು ಬರ್ತೈತ್ರಿ. ಭಾವಗೀತಿಗೆ ಬರೇ ನೀರು ನೀರು.”

ಖಾನಾಪುರದ ತೀರ್ಪು

ಹೆಂಡತಿಯ ತಮ್ಮ ಖಾನಾಪುರದವನು. ಅವನೂ ಒಂದು ಸಾವಿರ ವ್ಯಾಟು ತಂದ. ಅವನ ಹೆಂಡತಿಯ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಕರೆಯಲು ಬಂದವನು ಕರೆ ಬಿಟ್ಟು ಸವಾಲನ್ನೇ ಹಾಕಿದ.

“ಮಾಮಾ, ನಿಮ್ಮ ಕಾಜಿನ ಬುಡ್ಡಿ ತರ್ರಿ. ನನ್ನ ಸೆಟ್ಟಿನ ಮುಂದ ಸೋತ್ರ ಸೀದಾ ಗುಜರಿಗೆ!”

“ಗೆದ್ದರ?”

“ನಂದು ಅಟ್ಟಕ್ಕ. ಅವ್ವ ಹೇಳಿದ್ದ ತೀರ್ಪು.”

ಖರೇ ಹೇಳುತ್ತೇನೆ, ನನ್ನ ಕೈಯಾರೆ ಕಟ್ಟಿದ ಪೆಟ್ಟಿಗೆ ಅದು. ಆದರೆ ಹಿಂದೆ ಸರಿಯುವುದು ನಮ್ಮ ವಂಶದಲ್ಲಿಲ್ಲ. ಕುಬಸದ ದಿನ ಟೆಂಪೋ ಮಾಡಿಕೊಂಡು ಕಪಾಟಿನಂಥ ಸ್ಪೀಕರುಗಳ ಸಮೇತ ಹೋದೆ.

ಮೊದಲು ಅವನ ಸೆಟ್ಟು. ಹಚ್ಚಿದ್ದೇ ತಡ, ಮಾಡದಲ್ಲಿದ್ದ ಲೋಟಗಳು ಕುಣಿದವು. ಬಳೆ ಇಡಿಸಿಕೊಳ್ಳುತ್ತಿದ್ದ ಹೆಂಗಸರು ಒಬ್ಬರ ಕಿವಿಯಲ್ಲಿ ಒಬ್ಬರು ಅರಚತೊಡಗಿದರು. “ಹೆಂಗೈತಿ?” ಎಂದು ಅವನು ಕೈಸನ್ನೆ ಮಾಡಿದ. ಹಾಡು ಮುಗಿಯುವ ಮುಂಚೆಯೇ ನನ್ನ ಸರದಿಯೆಂದು ನಾನು ಹೋಗಿ ಅವನ ವಾಯರ್ ಕಿತ್ತೆ. ಒಮ್ಮೆಲೇ ಮನೆ ಗಪ್ಪಾಯಿತು.

ಅಡಿಗೆಮನೆಯಲ್ಲಿದ್ದ ನಮ್ಮತ್ತೆಗೆ ಅದು ತಿಳಿಯಲಿಲ್ಲ. ಆ ಗದ್ದಲದ ಮೇಲೆ ಏರಿಸಿದ್ದ ದನಿ ಏರಿಸಿದ ಹಾಗೆಯೇ ಇತ್ತು.

“ಮಗಾ ತಂದಾನಂತ ಸುಮ್ನದೀನಿ! ಇಲ್ಲಂದ್ರ ಆ ಡಬ್ಬೀನ ಮಲಪ್ರಭಿಗೆ ಒಗೀತಿದ್ದೆ!”

ಪಡಸಾಲೆಯೆಲ್ಲ ಗೊಳ್ಳೆಂದು ನಕ್ಕಿತು. ಅತ್ತೆ ಗಾಬರಿಯಾಗಿ ಹೊರಗೆ ಬಂದರು. ಅಷ್ಟರಲ್ಲಿ ನಾನು ನನ್ನ ಪೆಟ್ಟಿಗೆಯ ಸ್ವಿಚ್ ಒತ್ತಿದ್ದೆ. ವಾಲ್ವು ಕಾಯ್ದು ದನಿ ಬರಲು ಸ್ವಲ್ಪ ಹೊತ್ತು ಬೇಕು. ಅಲ್ಲಿಯವರೆಗೆ ಅದು ಬರೇ ಕೆಂಪಗೆ ಮಿನುಗುತ್ತದೆ.

“ಅವ್ವಾ, ಇದು ಮಾಮಾಂದು. ಈಗ ಹಚ್ಯಾರ” ಎಂದ ಮೈದುನ, ಮುಖ ಇಳಿಸಿಕೊಂಡು.

ಅತ್ತೆ ಪೆಟ್ಟಿಗೆಯ ಮುಂದೆ ನಿಂತು ಕಿವಿಗೊಟ್ಟರು. ಅವರ ಮುಖ ಅರಳಿತು.

“ನೋಡಪಾ, ಸೆಟ್ಟಂದ್ರ ಹಿಂಗಿರ್ಬೇಕು! ಹಚ್ಚಿದ್ದ ಗೊತ್ತಾಗಂಗಿಲ್ಲ. ಅಳಿಯಂದ್ರ, ನಿಮ್ದ ಗೆದ್ದೈತಿ.”

ವಾಲ್ವುಗಳು ಕಾಯುತ್ತ ಬಂದಿದ್ದವು. ಇನ್ನೇನು ಹಾಡು ಹೊರಡಬೇಕು, ಅಷ್ಟರಲ್ಲಿ ಹಾರಿ ಹೋಗಿ ಸ್ವಿಚ್ ಆರಿಸಿದೆ.